ನಾನು ಕದ್ದ ಹನ್ನೊಂದು ಅಂಕ

ಮದುವೆಯಾದ ಮೊದಲ ಒಂಬತ್ತು ವರ್ಷ ನನ್ನ ಹೆಂಡತಿ ಬಹಳ ಮಾತಾಡುತ್ತಾಳೆ ಎಂದು ಸಿಕ್ಕಸಿಕ್ಕವರ ಹತ್ತಿರ ದೂರುತ್ತಿದ್ದವನು ನಾನು. ಹತ್ತನೆಯ ವರ್ಷ ಅವಳು ಮಾತು ನಿಲ್ಲಿಸಿದಳು. ಜಗಳವೇನೂ ಆಗಿರಲಿಲ್ಲ, ಮುನಿಸೂ ಇರಲಿಲ್ಲ. (ಮುನಿಸಾಗಿದ್ದರೆ ನನಗೆ ಪರಿಚಯದ ದಾರಿ. ತಪ್ಪು ಯಾರದ್ದೇ ಇರಲಿ, ಕ್ಷಮೆ ನಾನು ಕೇಳಿ ಮುಗಿಸುತ್ತಿದ್ದೆ.) ಅವಳು ನಾಗರಿಕ ಸೇವಾ ಪರೀಕ್ಷೆಗೆ ಓದಲು ಕೂತಿದ್ದಳು.

ಇದಕ್ಕೆಲ್ಲ ಕಾರಣ ಒಂದು ಅಕ್ಷರ. ನನ್ನಾಕೆ ನೀರು ಸರಬರಾಜು ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತೆ. ಟಿಪ್ಪಣಿ ಬರೆಯುವವಳು ಅವಳು, ಕೆಳಗೆ ಸಹಿ ಹಾಕುವವರು ಅಧಿಕಾರಿಗಳು. ಅಧಿಕಾರಿಗಳು ಎರಡು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು, ಒಬ್ಬರಿಗಿಂತ ಒಬ್ಬರು ಚಿಕ್ಕವರು. ಕೊನೆಗೆ ಬಂದವರು ಅವಳಿಗಿಂತ ಆರು ವರ್ಷ ಕಿರಿಯರು. ಒಂದು ದಿನ ಅವರು ಇವಳನ್ನು ಒಳಗೆ ಕರೆಸಿ, "ಜಲಾಶಯಕ್ಕೆ ಯಾವ ಶ ಬರುತ್ತೆ ಮೇಡಂ?" ಎಂದು ಕೇಳಿದರಂತೆ. ಇವಳು ಹೇಳಿಕೊಟ್ಟು ಹೊರಗೆ ಬಂದಳು. ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುತ್ತಾ, "ನಾನೂ ಪರೀಕ್ಷೆ ಬರೀತೀನಿ ಕಣ್ರೀ," ಅಂದಳು. ಪರೀಕ್ಷೆಗೆ ಕೂರಲು ಮೂವತ್ತೈದು ವರ್ಷದ ಮಿತಿ. ಅವಳಿಗೆ ಮೂವತ್ತನಾಲ್ಕು ತುಂಬಿ ಮೂರು ತಿಂಗಳಾಗಿತ್ತು. ಇರುವುದು ಒಂದೇ ಅವಕಾಶ. ನಾನು ಮಹಾ ಉದಾರಿಯಂತೆ, "ಧಾರಾಳವಾಗಿ ಬರಿ," ಅಂದುಬಿಟ್ಟೆ. ಒಂದು ವಾರದಲ್ಲಿ ಸುಮ್ಮನಾಗುತ್ತಾಳೆ ಎಂಬ ನಂಬಿಕೆ ನನ್ನದು. ಸುಮ್ಮನಾದದ್ದೇನೋ ನಿಜ, ಆದರೆ ನಾನು ತಿಳಿದುಕೊಂಡ ಅರ್ಥದಲ್ಲಲ್ಲ.

ನಮ್ಮದು ಎರಡು ಕೋಣೆ, ಒಂದು ಅಡುಗೆಮನೆಯ ಸಂಸಾರ. ಮಕ್ಕಳಿಲ್ಲ. ಒಳಕೋಣೆ ಅವಳ ಅಧ್ಯಯನ ಪೀಠವಾಯಿತು, ಹೊರಕೋಣೆಯಲ್ಲಿ ನಾನು ಪೀಠವಿಲ್ಲದ ಪೀಠಾಧಿಪತಿ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಗಾಜು ಕೂರಿಸುವವನು. ಆರೂವರೆಗೆ ಅಂಗಡಿ ಮುಚ್ಚಿ ಮನೆಗೆ ಬಂದರೆ, ಮೊದಲೆಲ್ಲ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವಳು ತನ್ನ ಕಚೇರಿಯ ರಾಮಾಯಣವನ್ನು ಪಾತ್ರಗಳ ದನಿ ಸಮೇತ ಹೇಳುತ್ತಿದ್ದಳು, ನಾನು ಅರ್ಧ ಕೇಳಿಸಿಕೊಂಡು ಆಕಳಿಸುತ್ತಿದ್ದೆ. ಈಗ ಬಂದರೆ ಎದುರಾಗುವುದು ಮುಚ್ಚಿದ ಬಾಗಿಲು, ಅದರ ಕೆಳಗಿನ ಸಂದಿಯಲ್ಲಿ ಒಂದು ಗೆರೆ ಬೆಳಕು. ಊಟದ ಹೊತ್ತಿಗೆ ದರ್ಶನವಾಗುತ್ತಿತ್ತು. ಆಗಲೂ ಅವಳ ಬಲಗೈ ತಟ್ಟೆಯಲ್ಲಿ, ಎಡಗೈ ಪುಸ್ತಕದಲ್ಲಿ. ಉಪ್ಪು ಬೇಕಾದರೆ ನನ್ನ ಕಡೆ ಕೈ ಚಾಚುತ್ತಿದ್ದಳು. ಉಪ್ಪಿನ ಡಬ್ಬಿ ನನ್ನ ಪಕ್ಕದಲ್ಲಿ ಇದ್ದದ್ದರಿಂದ ನನಗೆ ಅಷ್ಟಾದರೂ ಮರ್ಯಾದೆ ಉಳಿದಿತ್ತು.

ನಾನು ಏನೇನೋ ಮಾಡಿ ನೋಡಿದೆ. ಬಾಗಿಲ ಹತ್ತಿರ ಹೋಗಿ ಕಿವಿಗೊಟ್ಟು ವಾಪಸ್ ಬರುತ್ತಿದ್ದೆ. ಕುರ್ಚಿಯನ್ನು ಬೇಕಂತಲೇ ಎಳೆಯುತ್ತಿದ್ದೆ. ಶೀತವಿಲ್ಲದೆ ಕೆಮ್ಮುತ್ತಿದ್ದೆ. ಒಳಗಿನಿಂದ ಹಾಳೆ ಮಗುಚುವ ಸದ್ದು ಬಿಟ್ಟರೆ ಬೇರೆ ಉತ್ತರವಿಲ್ಲ. ಮನೆಯಲ್ಲಿ ಸಿಗದ ಮಾತನ್ನು ಅಂಗಡಿಯಲ್ಲಿ ಹುಡುಕತೊಡಗಿದೆ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸಿ, ಒಂದೊಂದೇ ಗಾಜು ಬದಲಾಯಿಸುತ್ತಾ, "ಈಗ ಚೆನ್ನಾಗಿ ಕಾಣುತ್ತಾ, ಮೊದಲು ಚೆನ್ನಾಗಿತ್ತಾ?" ಎಂದು ಕೇಳುವ ನಡುವೆ, ಅಳಿಯ ಹೇಗಿದ್ದಾನೆ, ಮಂಡಿ ನೋವು ಕಡಿಮೆಯಾಯಿತೇ ಎಂದೆಲ್ಲ ವಿಚಾರಿಸುವುದು. ಎದ್ದು ಓಡಿಹೋಗಲಾರರಲ್ಲ, ಮುಖದ ಮೇಲೆ ನಮ್ಮ ಫ್ರೇಮು ಇರುತ್ತದೆ. ಕೊನೆಗೆ ಅಂಗಡಿಯ ಯಜಮಾನರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಒಂದು ಜೊತೆ ಕಣ್ಣಿಗೆ ಮುಕ್ಕಾಲು ಗಂಟೆ ಯಾಕೆ ಬೇಕು, ಆ ಮನುಷ್ಯನಿಗೆ ಇರುವುದು ಎರಡೇ ಕಣ್ಣಲ್ಲವೇ ಎಂದು ಮೆತ್ತಗೆ ಕೇಳಿದರು.

ಹೀಗಿರುವಾಗ ಒಂದು ಭಾನುವಾರ ಬಾಗಿಲು ತಾನಾಗಿ ತೆರೆಯಿತು. ಅವಳು ಒಂದು ಚೀಟಿ ಹಿಡಿದು ಬಂದು ನನ್ನೆದುರು ಕೂತಳು. ಸಂತೋಷಕ್ಕೆ ನಾನು ಓದುತ್ತಿದ್ದ ಪತ್ರಿಕೆ ಕೆಳಗೆ ಬಿತ್ತು.

ಚೀಟಿಯಲ್ಲಿ ಎಂಟು ಅಂಕಿಗಳಿದ್ದವು: 98, 105, 101, 109, 104, 112, 107, 110. ಹೋದ ಎಂಟು ವರ್ಷಗಳ ಪೂರ್ವಭಾವಿ ಪರೀಕ್ಷೆಯ ಕಟ್ ಆಫ್ ಅಂತೆ. ಕಟ್ ಆಫ್ ಎಂದರೆ ಯಾರನ್ನು ಕತ್ತರಿಸುವುದು ಎಂದು ಕೇಳಿದೆ. ಅವಳು ತಾಳ್ಮೆಯಿಂದ ವಿವರಿಸಿದಳು. ಪರೀಕ್ಷೆ ಇನ್ನೂರು ಅಂಕಕ್ಕೆ. ಎಷ್ಟು ಜನಕ್ಕೆ ಜಾಗವಿದೆಯೋ ಅಷ್ಟು ಜನರನ್ನು ಮೇಲಿನಿಂದ ಆರಿಸುತ್ತಾರೆ. ಹಾಗೆ ಆರಿಸಿದವರಲ್ಲಿ ಕಟ್ಟಕಡೆಯವನ ಅಂಕವೇ ಆ ವರ್ಷದ ಕಟ್ ಆಫ್. ಅದಕ್ಕಿಂತ ಒಂದು ಚೂರು ಕೆಳಗಿದ್ದರೂ ಹೊರಗೆ. ಉತ್ತರ ತಪ್ಪಾದರೆ ಅಂಕ ಕಳೆಯುತ್ತಾರೆ. ಆದ್ದರಿಂದ ಈ ವರ್ಷ ಸುಮಾರು ಎಷ್ಟಕ್ಕೆ ನಿಲ್ಲಬಹುದೆಂದು ಮೊದಲೇ ಅಂದಾಜು ಸಿಕ್ಕಿದರೆ, ಎಷ್ಟು ಪ್ರಶ್ನೆ ಮುಟ್ಟಬೇಕು, ಯಾವುದನ್ನು ಬಿಡಬೇಕು, ದಿನಕ್ಕೆ ಎಷ್ಟು ಓದಬೇಕು ಎಂದು ಲೆಕ್ಕ ಹಾಕಿಕೊಳ್ಳಬಹುದು.

"ನೀವು ಕನ್ನಡಕದ ಕಾಲು ಕಾಲು ಪವರ್ ಲೆಕ್ಕದಲ್ಲಿ ಪಳಗಿದೋರು. ಒಂಚೂರು ಕೂತು ಅಂದಾಜು ಮಾಡಿಕೊಡಿ," ಅಂದು ಒಳಗೆ ಹೋದಳು. ಬಾಗಿಲು ಮತ್ತೆ ಮುಚ್ಚಿತು.

ನಾನು ಪೆನ್ಸಿಲ್ ಚೂಪು ಮಾಡಿ ಕೂತೆ. ಅಂಕಿಗಳು ಏರುತ್ತಾ ಇಳಿಯುತ್ತಾ ಒಟ್ಟಿನಲ್ಲಿ ಮೇಲಕ್ಕೇ ಹೋಗುತ್ತಿದ್ದವು. ಹೇಗೆ ಕೂಡಿ ಕಳೆದರೂ ಈ ವರ್ಷಕ್ಕೆ ನೂರ ಹದಿಮೂರು ಬರುತ್ತಿತ್ತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರೆದು ನೋಡಿದಾಗ ಅವಳಿಗೆ ಬರುತ್ತಿದ್ದದ್ದು ನೂರ ನಾಲ್ಕು. ಅಂದರೆ ಇನ್ನೂ ಒಂಬತ್ತು ಅಂಕ ಬೇಕು. ಒಂಬತ್ತು ಅಂಕ ಎಂದರೆ ಪರೀಕ್ಷೆಯ ದಿನದವರೆಗೆ, ಇನ್ನು ಮೂರು ತಿಂಗಳು, ಆ ಬಾಗಿಲು ತೆರೆಯುವುದಿಲ್ಲ. ನಾನು ಬಾಗಿಲನ್ನು ನೋಡಿದೆ. ಚೀಟಿಯನ್ನು ನೋಡಿದೆ. ಮನುಷ್ಯ ಕೆಡುವುದು ಇಂಥ ಹೊತ್ತಿನಲ್ಲೇ.

ಹಳೆಯ ವರ್ಷಗಳಿಗೆ ಹಿರಿತನದ ಗೌರವ ಕೊಟ್ಟು ಎರಡೆರಡು ಸಲ ಕೂಡಿದೆ. ನೂರ ಹನ್ನೆರಡನ್ನು, ಅದು ಯಾಕೋ ಅತಿಯಾಯಿತೆಂದು, ಹೊರಗೆ ಹಾಕಿದೆ. ಹೊಸ ವರ್ಷಗಳಿಗೆ ಇನ್ನೂ ಅನುಭವ ಸಾಲದೆಂದು ಅರ್ಧ ಬೆಲೆ ಕಟ್ಟಿದೆ. ಇಷ್ಟು ಬೆವರು ಸುರಿಸಿದ ಮೇಲೆ ನೂರ ಎರಡು ಬಂತು. ಕಣ್ಣಿನ ಪವರ್‌ನಲ್ಲಿ ಜೀವಮಾನದಲ್ಲೇ ಕಾಲು ನಂಬರ್ ಹೆಚ್ಚುಕಮ್ಮಿ ಮಾಡದವನು ಹೆಂಡತಿಯ ಭವಿಷ್ಯದಿಂದ ಹನ್ನೊಂದು ಅಂಕವನ್ನು ಪೂರ್ತಿ ಕದ್ದುಬಿಟ್ಟೆ.

ಅವಳು ಹಾಳೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

"ನೂರ ಎರಡಾ?"

"ನೂರ ಎರಡು."

"ಖಂಡಿತವಾ?"

"ಪ್ರಶ್ನೆ ವರ್ಷದಿಂದ ವರ್ಷಕ್ಕೆ ಕಷ್ಟ ಆಗ್ತಾ ಇದೆಯಲ್ಲ. ಅಂಕ ಇಳೀಲೇಬೇಕು. ಅದು ಪ್ರಕೃತಿ ನಿಯಮ," ಅಂದೆ. ಯಾವ ಪ್ರಕೃತಿ, ಯಾವ ನಿಯಮ ಎಂದು ಅವಳು ಕೇಳಲಿಲ್ಲ. ಹಾಗಾದರೆ ತನಗೆ ಆಗಲೇ ಎರಡು ಅಂಕ ಹೆಚ್ಚಿಗೆ ಬರುತ್ತಿದೆ ಅಂದಳು. ಅದಕ್ಕೇ ನಾನು ಹೇಳುವುದು, ದಿನಾ ಸಂಜೆ ಒಂದು ಗಂಟೆ ಹೊರಗೆ ತಿರುಗಾಡಿ ಬಂದರೆ ಬುದ್ಧಿಗೂ ಒಳ್ಳೆಯದು, ಕಣ್ಣಿಗೂ ಒಳ್ಳೆಯದು, ಇದು ಕಣ್ಣಿನ ವಿಷಯ ತಿಳಿದವನ ಮಾತು ಎಂದೆ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡು, "ಆಗಲಿ," ಅಂದಳು.

ಆಮೇಲಿನ ಹನ್ನೆರಡು ವಾರ ನನ್ನ ಸಂಸಾರದ ಸುವರ್ಣಯುಗ. ಆರೂಮುಕ್ಕಾಲಿಗೆ ನಾನು ಮನೆ ಮುಟ್ಟಿದರೆ ಅವಳು ಚಪ್ಪಲಿ ಮೆಟ್ಟಿ ಸಿದ್ಧಳಾಗಿರುತ್ತಿದ್ದಳು. ಬೀದಿಯ ಕೊನೆಯ ಟೈರ್ ಅಂಗಡಿ ದಾಟಿ, ಮರದ ಕಾರ್ಖಾನೆಯ ಪಕ್ಕದಿಂದ ಹಾದು, ರೈಲ್ವೆ ಸೇತುವೆಯವರೆಗೆ ಹೋಗಿ, ಒಂದು ಗೂಡ್ಸ್ ಗಾಡಿ ಕೆಳಗೆ ಹಾದುಹೋಗುವವರೆಗೂ ನಿಂತು ವಾಪಸ್ ಬರುತ್ತಿದ್ದೆವು. ಅಷ್ಟು ತಿಂಗಳಿಂದ ಒಳಗೆ ಕೂಡಿಟ್ಟಿದ್ದ ಮಾತನ್ನೆಲ್ಲ ನಾನು ಹರಿಯಬಿಟ್ಟೆ. ಕನ್ನಡಕ ಹಣೆಯ ಮೇಲೆ ಇಟ್ಟುಕೊಂಡು ಕಳೆದುಹೋಯಿತೆಂದು ಹೊಸದು ಮಾಡಿಸಲು ಬಂದ ವಕೀಲರ ಕಥೆ. ಅಕ್ಷರದ ಬೋರ್ಡನ್ನು ಬಾಯಿಪಾಠ ಮಾಡಿಕೊಂಡು ಬಂದು ನನ್ನನ್ನೇ ಮೋಸ ಮಾಡಿದ ಲಾರಿ ಡ್ರೈವರ್ ಕಥೆ. ಅವಳು "ಹೂಂ" ಅನ್ನುತ್ತಿದ್ದಳು, "ಹೌದಾ" ಅನ್ನುತ್ತಿದ್ದಳು, ಸರಿಯಾದ ಜಾಗದಲ್ಲಿ ನಗುತ್ತಿದ್ದಳು. ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ.

ಆದರೆ ಸೇತುವೆಯ ಮೇಲೆ ಗಾಡಿಗೆ ಕಾಯುತ್ತಾ ನಿಂತಾಗ ಒಂದೊಂದು ಸಲ ಅವಳು ತುಂಬ ದೂರ ನೋಡುತ್ತಿದ್ದಳು. ಆಗೆಲ್ಲ, ಈಗಲೇ ಹೇಳಿಬಿಡಬೇಕು, ಇನ್ನೂ ಆರು ವಾರವಿದೆ, ನಾಲ್ಕು ವಾರವಿದೆ ಎಂದು ಬಾಯಿ ತೆರೆಯುತ್ತಿದ್ದೆ. ತೆರೆದ ಬಾಯಿಂದ ಮತ್ತೊಬ್ಬ ಗಿರಾಕಿಯ ಕಥೆ ಹೊರಗೆ ಬರುತ್ತಿತ್ತು. ಆ ದಿನಗಳಲ್ಲಿ ಅವಳು ಬೆಳಿಗ್ಗೆ ಎಂಟಕ್ಕೇ ಕಚೇರಿಗೆ ಹೊರಡುತ್ತಿದ್ದಳು. ತಪಾಸಣೆ ನಡೆಯುತ್ತಿದೆ ಅಂದಿದ್ದಳು. ಪಾಪ, ಕಚೇರಿಯಲ್ಲೂ ಬಿಡುವಿಲ್ಲ, ಸಂಜೆ ಮಾತ್ರ ನನ್ನ ಜೊತೆ ಹಾಯಾಗಿರುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪರೀಕ್ಷೆಯ ದಿನ ಶಾಲೆಯ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಅವಳು ಹೊರಗೆ ಬಂದು, "ಆಯ್ತು, ನಡೀರಿ," ಅಂದಳು. ಹೇಗಾಯಿತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಕಳ್ಳನಿಗೆ ಲೆಕ್ಕ ಕೇಳುವ ಹಕ್ಕೆಲ್ಲಿ.

ಫಲಿತಾಂಶ ಬಂದ ದಿನ ಅಂಗಡಿಯಲ್ಲಿ ಒಬ್ಬ ದರ್ಜಿಯ ಕಣ್ಣು ನೋಡುತ್ತಿದ್ದೆ. ಯಜಮಾನರು ಕೌಂಟರಿನ ಹಿಂದೆ ಫೋನಿನಲ್ಲಿ ಸುದ್ದಿ ಓದುತ್ತಿದ್ದವರು, ಈ ಸಲ ಕಟ್ ಆಫ್ ನೂರ ಹನ್ನೊಂದಂತೆ ಎಂದು ಹೇಳಿದರು. ನನ್ನ ಕೈಗೆ ಸಿಕ್ಕಿದ ಗಾಜನ್ನು ದರ್ಜಿಯ ಮೂಗಿನ ಮೇಲಿದ್ದ ಫ್ರೇಮಿಗೆ ತೂರಿಸಿದೆ. ಆತ, "ಅಕ್ಷರ ಇರಲಿ ಸ್ವಾಮಿ, ಈಗ ಗೋಡೆನೇ ಕಾಣ್ತಿಲ್ಲ," ಅಂದ. ತಲೆನೋವೆಂದು ಯಜಮಾನರಿಗೆ ಹೇಳಿ ಮೂರು ಗಂಟೆಗೇ ಹೊರಟೆ. ದಾರಿಯುದ್ದಕ್ಕೂ ಅವಳ ಮೂವತ್ತೈದು ವರ್ಷ, ಒಂದೇ ಅವಕಾಶ, ನೂರ ನಾಲ್ಕು, ನೂರ ಹನ್ನೊಂದು ತಲೆಯಲ್ಲಿ ಗಿರಗಿರ ತಿರುಗಿದವು. ಇನ್ನು ಅವಳು ನಿವೃತ್ತಿಯವರೆಗೂ ಬೇರೆಯವರ ಸಹಿಗೆ ಟಿಪ್ಪಣಿ ಬರೆಯುತ್ತಾ ಕೂರಬೇಕು. ಯಾಕೆಂದರೆ ಸಂಜೆ ಹೊತ್ತು ನನಗೆ ಬೇಜಾರಾಗುತ್ತಿತ್ತು.

ಅವಳು ಅಂದು ರಜೆ ಹಾಕಿದ್ದಳು. ಅಡುಗೆಮನೆಯ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತೆ.

"ನಾನೊಂದು ತಪ್ಪು ಮಾಡಿದೀನಿ," ಅಂದೆ.

"ಹಾಲು ಮರೆತು ಬಂದ್ರಾ?"

"ನೂರ ಎರಡು ಅಂದಿದ್ದು ಸುಳ್ಳು. ನಿಜವಾಗ್ಲೂ ನೂರ ಹದಿಮೂರು ಬಂದಿತ್ತು. ನಾನೇ ಹನ್ನೊಂದು ಅಂಕ ಕಮ್ಮಿ ಬರೆದೆ."

ಚಾಕು ನಿಲ್ಲಲಿಲ್ಲ. "ಗೊತ್ತು," ಅಂದಳು.

"ಗೊತ್ತಾ? ಹೇಗೆ?" ಅಂದೆ.

"ರೀ, ಆ ಎಂಟು ಅಂಕಿ ಬರ್ಕೊಂಡು ಬಂದೋಳು ನಾನೇ ಅಲ್ವಾ? ಕೊನೇ ಐದು ವರ್ಷದಲ್ಲಿ ಒಂದಾದ್ರೂ ನೂರ ಎರಡಕ್ಕಿಂತ ಕೆಳಗಿದೆಯಾ? ಸುಳ್ಳು ಹೇಳೋಕೂ ಒಂಚೂರು ಲೆಕ್ಕ ಬರಬೇಕು."

ಅವಳಿಗೆ ನೂರ ಹದಿನೆಂಟು ಬಂದಿತ್ತು. ಸರಿಯುತ್ತರಗಳ ಪಟ್ಟಿ ನೋಡಿ ಹೋದ ತಿಂಗಳೇ ಎಣಿಸಿಟ್ಟುಕೊಂಡಿದ್ದಳಂತೆ. ಹೇಳಲಿಲ್ಲವಲ್ಲ ಅಂದರೆ, ನೀವು ಕೇಳಲಿಲ್ಲವಲ್ಲ ಅಂದಳು. ಕಚೇರಿಯಲ್ಲಿ ತಪಾಸಣೆ ಗಿಪಾಸಣೆ ಏನೂ ಇರಲಿಲ್ಲ. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಹಳೆಯ ಕಡತಗಳ ಕೋಣೆಯಲ್ಲಿ ಕೂತು ಓದುತ್ತಿದ್ದಳು, ಮಧ್ಯಾಹ್ನ ಊಟದ ಬಿಡುವಿನಲ್ಲೂ ಓದುತ್ತಿದ್ದಳು.

"ಮತ್ತೆ ಸಂಜೆ ಯಾಕೆ ಬರ್ತಿದ್ದೆ?"

"ಗೋಡೆ ಆಚೆ ನೀವು ಒಬ್ಬರೇ ಕೂತು ಕೆಮ್ಮೋದು ಕೇಳಿಸ್ತಿತ್ತು," ಅಂದಳು. "ಬರದೆ ಇದ್ದಿದ್ರೆ ಇನ್ನೇನೇನು ಕಮ್ಮಿ ಮಾಡ್ತಿದ್ರೋ."

ಗೆದ್ದೆನೋ ಸೋತೆನೋ ತಿಳಿಯದೆ ನಾನೂ ನೆಲದ ಮೇಲೆ ಕೂತೆ. ಹೇಗಿದ್ದರೂ ಹನ್ನೆರಡು ವಾರ ನನ್ನ ಕಥೆ ಕೇಳಿದಳಲ್ಲ, ಅದಂತೂ ಸುಳ್ಳಲ್ಲ ಅಂದೆ. ಅವಳು ತಲೆ ತಗ್ಗಿಸಿದಳು. ಕೇಳಿ ಕೇಳಿ ಸತ್ಯ ಹೊರಗೆ ಬಂತು. ಮನೆಯಿಂದ ಸೇತುವೆಯವರೆಗೆ ಅವಳು ಮನಸ್ಸಿನಲ್ಲೇ ನದಿಗಳನ್ನೂ ಅಣೆಕಟ್ಟುಗಳನ್ನೂ ಪಠಿಸುತ್ತಿದ್ದಳು. ಸೇತುವೆಯಿಂದ ಮನೆಯವರೆಗೆ ತೆರಿಗೆ ಪದ್ಧತಿ. ನನ್ನ ದನಿ ಎಲ್ಲಿ ಏರುತ್ತದೆ ಎಂದು ನೋಡಿಕೊಂಡು ಅಲ್ಲಿ ನಗುತ್ತಿದ್ದಳು. ವಕೀಲರೂ ಲಾರಿ ಡ್ರೈವರೂ ಸೇರಿದಂತೆ ನನ್ನ ಕಥೆಗಳೆಲ್ಲ ಯಾವುದೋ ನದಿಯ ಪಾಲಾಗಿದ್ದವು.

ನನ್ನ ಮುಖ ಹೇಗಾಗಿತ್ತೋ ಏನೋ, ಅವಳು ಚಾಕು ಕೆಳಗಿಟ್ಟಳು. "ಒಂದು ಕೇಳಿದೀನಿ ಕಣ್ರೀ. ಮಗಳು ಕಳಿಸಿದ ಫೋಟೋ ಸರಿಯಾಗಿ ಕಾಣ್ಲಿ ಅಂತ ಕನ್ನಡಕ ಮಾಡಿಸ್ಕೊಂಡ್ರಲ್ಲ ಒಬ್ಬರು ಅಜ್ಜಿ, ಹಾಕ್ಕೊಂಡು ನೋಡಿ, ಇವಳಿಗೂ ಕೂದಲು ಬೆಳ್ಳಗಾಯ್ತಾ ಅಂದ್ರಂತಲ್ಲ. ಅದನ್ನ ಪೂರ್ತಿ ಕೇಳಿದೀನಿ. ಅವತ್ತು ನನಗೆ ಒಂದು ಪಾಠ ಹೋಯ್ತು."

ಹನ್ನೆರಡು ವಾರಕ್ಕೆ ಒಂದು ಕಥೆ. ಆದರೂ ನನಗೆ ಆ ಹೊತ್ತಿಗೆ ಅದೇ ಬಹಳ ಅನ್ನಿಸಿತು.

ಮುಂದೆ ಮುಖ್ಯ ಪರೀಕ್ಷೆ, ಆಮೇಲೆ ಸಂದರ್ಶನ. ಅವಳು ಮತ್ತೆ ಒಂದು ಚೀಟಿ ತಂದಳು. ಈ ಸಲದ ಅಂಕಿಗಳು ದೊಡ್ಡವು. ಇದನ್ನೂ ನೀವೇ ಮಾಡಿಕೊಡಿ ಅಂದಾಗ ನಾನು ಅವಳನ್ನೇ ನೋಡಿದೆ. ನನ್ನ ಯೋಗ್ಯತೆ ಗೊತ್ತಿದ್ದೂ ಯಾಕೆ ನನಗೆ ಕೊಡುತ್ತಾಳೆ? ಒಂದು ಭಾನುವಾರ ಪೂರ್ತಿ ಕೂತೆ. ಯಾವ ವರ್ಷವನ್ನೂ ಹಿರಿಯನೆಂದು ಮೆರೆಸಲಿಲ್ಲ, ಯಾವುದನ್ನೂ ಹೊರಗೆ ಹಾಕಲಿಲ್ಲ. ಬಂದ ಉತ್ತರ ಕಟುವಾಗಿತ್ತು. ಅವಳ ಸದ್ಯದ ಓದು ಸಾಲದು, ಸಂಜೆಯ ಆ ಒಂದು ಗಂಟೆಯೂ ಬೇಕು. ಹಾಗೆಂದೇ ಬರೆದೆ, ಕೆಳಗೆ ಗೆರೆ ಎಳೆದೆ, ಕೊಟ್ಟೆ. ನನ್ನ ಸಂಜೆಗಳನ್ನು ನಾನೇ ಕತ್ತರಿಸಿದೆ. ಅವಳು ಓದಿ, "ಸರಿಯಾಗಿದೆ," ಅಂದಳು. ಆಗ ತಿಳಿಯಿತು, ಉತ್ತರ ಅವಳ ಹತ್ತಿರ ಆಗಲೇ ಇತ್ತು.

ಬಾಗಿಲು ಮುಚ್ಚಿತು. ಏಳು ತಿಂಗಳು ನಾನು ಕೆಮ್ಮಲಿಲ್ಲ. ನಿಜವಾಗಿ ಶೀತವಾದಾಗ ಬೀದಿಗೆ ಹೋಗಿ ಕೆಮ್ಮಿ ಬಂದೆ. ಸಂಜೆ ಚಹಾ ಮಾಡಿ ಬಾಗಿಲ ಹೊರಗೆ ಇಟ್ಟು, ಒಂದು ಸಲ ತಟ್ಟಿ, ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿರುಗುತ್ತಿದ್ದೆ. ಸೇತುವೆಗೆ ಒಬ್ಬನೇ ಹೋಗಿ ಗೂಡ್ಸ್ ಗಾಡಿ ನೋಡಿ ಬರುತ್ತಿದ್ದೆ. ಒಬ್ಬನೇ ನಿಂತರೆ ಗಾಡಿ ಬಹಳ ಉದ್ದ.

ಕೊನೆಯ ಪಟ್ಟಿಯಲ್ಲಿ ಅವಳ ನಂಬರು ಇತ್ತು. ಮೂರೇ ಮೂರು ಅಂಕದಿಂದ ಗೆರೆ ದಾಟಿದ್ದಳು. ಯಜಮಾನರು ನನ್ನ ಕೈ ಕುಲುಕಿ, ಇನ್ನು ನೀನು ಸಾಹೇಬರ ಯಜಮಾನ ಅಂದರು. ತರಬೇತಿ ಒಂದೂವರೆ ವರ್ಷ, ಒಂದು ರಾತ್ರಿ ಪೂರ್ತಿ ಪ್ರಯಾಣ ಮಾಡುವಷ್ಟು ದೂರದಲ್ಲಿ. ಅಲ್ಲಿನ ವಸತಿಗೃಹಕ್ಕೆ ಗಂಡಂದಿರಿಗೆ ಪ್ರವೇಶವಿಲ್ಲ. ಒಂದು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿಸಿದೆ. ಕಿಟಕಿಯಿಂದ ಅವಳು ಗ್ಯಾಸು, ಬೀಗ, ಹಾಲಿನವನ ವಿಷಯ ಹೇಳಿದಳು. ಹೇಳಬೇಕಾದ್ದು ಬೇರೆ ಏನೋ ಇಬ್ಬರಿಗೂ ಇತ್ತು. ಅಷ್ಟರಲ್ಲಿ ಬಸ್ಸು ಹೊರಟಿತು.

ಮನೆಗೆ ಬಂದರೆ ಒಳಕೋಣೆಯ ಬಾಗಿಲು ಅಗಲವಾಗಿ ತೆರೆದಿತ್ತು. ನನಗೆ ಬೇಕಾಗಿದ್ದದ್ದೂ ಅದೇ ತಾನೇ. ಆದರೆ ಹಾಳೆ ಮಗುಚುವ ಸದ್ದಾದರೂ ಇದ್ದ ಮೌನವೇ ಬೇರೆ, ಇದೇ ಬೇರೆ. ಆ ವ್ಯತ್ಯಾಸ ಅಳೆಯುವ ಗಾಜು ನನ್ನ ಪೆಟ್ಟಿಗೆಯಲ್ಲಿಲ್ಲ.

ಭಾನುವಾರ ಸಂಜೆ ಅವಳು ಫೋನ್ ಮಾಡುತ್ತಾಳೆ. ಅವಳಿಗೆ ಸಿಗುವುದು ಹತ್ತು ನಿಮಿಷ. ಅಷ್ಟರಲ್ಲಿ ಎಲ್ಲ ಕಥೆ ಹಿಡಿಸುವುದಿಲ್ಲ. ಆದ್ದರಿಂದ ವಾರವೆಲ್ಲ ಗಿರಾಕಿಗಳ ಕಥೆಗೆ ನಾನೇ ಅಂಕ ಕೊಟ್ಟು, ಶನಿವಾರ ಗೆರೆ ಎಳೆದು, ಮೇಲಿನ ಎರಡನ್ನು ಮಾತ್ರ ಆರಿಸಿಕೊಳ್ಳುತ್ತೇನೆ. ಉಳಿದವನ್ನು ತರಕಾರಿ ಹೆಚ್ಚುತ್ತಾ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕೇಳುಗ ಅಷ್ಟೇನೂ ರಸಿಕನಲ್ಲ.

ಹೋದ ತಿಂಗಳು ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಸರ್ಕಾರದ ಮುದ್ರೆ ಕಂಡು ಗಾಬರಿಯಾಗಿ ಒಡೆದರೆ ಒಳಗೆ ಅಧಿಕಾರಿಗಳ ಕುಟುಂಬದವರಿಗೆ ಕೊಡುವ ಪ್ಲಾಸ್ಟಿಕ್ಕಿನ ಗುರುತಿನ ಚೀಟಿ, ಕುತ್ತಿಗೆಗೆ ಹಾಕಿಕೊಳ್ಳಲು ನೀಲಿ ದಾರ. ಚೀಟಿಯಲ್ಲಿ ನನ್ನ ಫೋಟೋ. ಅದರ ಕೆಳಗೆ ನನ್ನ ಹೆಸರು, ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ "ಅವಲಂಬಿತ" ಎಂದಿತ್ತು. ಇಪ್ಪತ್ತು ವರ್ಷದಿಂದ ಸ್ವಂತ ದುಡಿಮೆಯಲ್ಲಿ ಬದುಕಿದವನು ನಾನು. ಊರಿನ ಅರ್ಧ ಜನ ಲೋಕ ನೋಡುತ್ತಿರುವುದು ನಾನು ಕೂರಿಸಿದ ಗಾಜಿನಿಂದ. ಆ ಭಾನುವಾರ ಕಥೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ಫೋನ್ ಬಂದ ಕೂಡಲೇ, ಇದೇನು ಹೀಗೆ ಬರೆಸಿದ್ದೀಯ, ನಾನು ಯಾರ ಅವಲಂಬಿತ ಎಂದು ಗಟ್ಟಿಯಾಗಿಯೇ ಕೇಳಿದೆ.

"ಅರ್ಜಿಯಲ್ಲಿ ಗಂಡನ ವಿಷಯಕ್ಕೆ ಇದ್ದಿದ್ದು ಎರಡೇ ಚೌಕ ಕಣ್ರೀ," ಅಂದಳು. "ಒಂದು ಅವಲಂಬಿತ. ಇನ್ನೊಂದು, ಬೇರೆ ವಾಸ. ನಿಯಮದ ಪ್ರಕಾರ ಎರಡನೇದಕ್ಕೇ ಗುರುತು ಹಾಕಬೇಕಿತ್ತು. ಪೆನ್ನು ಹಿಡ್ಕೊಂಡು ತುಂಬ ಹೊತ್ತು ಕೂತಿದ್ದೆ. ನನ್ನ ಕೈಲಿ ಆಗಲಿಲ್ಲ."

ನಾನು ವಾದ ಮುಂದುವರಿಸಲಿಲ್ಲ. ಉಳಿದ ಎಂಟು ನಿಮಿಷ ಇಬ್ಬರೂ ಹೆಚ್ಚೇನೂ ಮಾತಾಡಲಿಲ್ಲ, ಆದರೆ ಫೋನನ್ನೂ ಇಡಲಿಲ್ಲ.

ಮರುದಿನ ಬೆಳಿಗ್ಗೆ ಆ ಚೀಟಿಯನ್ನು ಕುತ್ತಿಗೆಗೆ ಹಾಕಿಕೊಂಡೇ ಅಂಗಡಿಗೆ ಹೋದೆ. ಯಜಮಾನರು ಕನ್ನಡಕ ಏರಿಸಿ ಓದಿದರು, ಆಮೇಲೆ ಕನ್ನಡಕ ಇಳಿಸಿ ನನ್ನನ್ನು ನೋಡಿದರು. ಗಿರಾಕಿಗಳೂ ಓದುತ್ತಾರೆ. ಓದಲು ಆಗದವರಿಗೆ ನಾನೇ ಓದಿ ಹೇಳುತ್ತೇನೆ.